ಮಾಜಿ ಸಾಹೇಬ್ರ ಹಾಜರಿ

ಮಂಡ್ಯ ಜಿಲ್ಲೆಯಲ್ಲಿ ಕಬ್ಬು, ಭತ್ತ, ರೇಷ್ಮೆ ಬೆಳೆಯುತ್ತಾರೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಇನ್ನೊಂದು ಬೆಳೆಯನ್ನು ಅದರಲ್ಲಿ ಬರೆದಿಲ್ಲ: ಮಾಜಿ ಶಾಸಕರು. ಐದು ವರ್ಷದ ಬೆಳೆ, ಕಟಾವು ಒಂದೇ ದಿನ. 2018ರಲ್ಲಿ ಏಳಕ್ಕೆ ಏಳು ಸೀಟನ್ನೂ ಜೆಡಿಎಸ್‌ಗೆ ಕೊಟ್ಟ ಜಿಲ್ಲೆ ಇದು. 2023ರಲ್ಲಿ ಕೆ.ಆರ್. ಪೇಟೆ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ವಾಪಸ್ ಕಿತ್ತುಕೊಂಡಿತು.

ನಮ್ಮ ಸಾಹೇಬರೂ ಹಾಗೆ ಯಾವುದೋ ಒಂದು ಕಟಾವಿನಲ್ಲಿ ಬಿದ್ದವರು. ಮದ್ದೂರಿಗೂ ಮಳವಳ್ಳಿಗೂ ನಡುವೆ ಮನೆ. ಯಾವ ಪಕ್ಷ ಎಂದು ನನ್ನನ್ನು ಕೇಳಬೇಡಿ. ಅವರನ್ನೇ ಕೇಳಿದರೂ 'ಈಗ್ಲಾ?' ಅನ್ನುತ್ತಾರೆ. ಬೀರುವಿನಲ್ಲಿ ಎಲ್ಲ ಬಣ್ಣದ ಶಾಲುಗಳೂ ಇಸ್ತ್ರಿಯಾಗಿ ಕೂತಿವೆ. ಹಸಿರು ಟವೆಲ್ ಮಾತ್ರ ಕಾರಿನಲ್ಲೇ ಇರುತ್ತದೆ. ಕಾರಿನ ಫಲಕದಲ್ಲಿ 'ಶಾಸಕರು' ಎಂಬುದು ಮಳವಳ್ಳಿ ರಸ್ತೆಗೆ ತಿರುಗುವ ಸರ್ಕಲ್ಲಿನ ಪೊಲೀಸಿನವನಿಗೆ ದೂರದಿಂದಲೇ ಕಾಣುತ್ತದೆ. ಅದರ ಪಕ್ಕದ 'ಮಾಜಿ' ಕಾಣಬೇಕಾದರೆ ಬಾನೆಟ್ಟಿನ ಮೇಲೆ ಬಗ್ಗಬೇಕು.

ಶಾಸಕರಾಗಿದ್ದಾಗ ವಿಧಾನಸಭೆಯಲ್ಲಿ ಅವರ ದನಿ ಅಷ್ಟಾಗಿ ಕೇಳಲಿಲ್ಲ ಎಂಬ ಆಕ್ಷೇಪ ಉಂಟು. ಅದಕ್ಕೆ ಅವರ ಉತ್ತರ ಸಿದ್ಧ: "ಅಲ್ಲಿ 224 ಜನ ಅವ್ರೆ. ಕಾನೂನು ಮಾಡೋಕೆ ಉಳಿದ 223 ಮಂದಿ ಸಾಲ್ದಾ? ನನ್ ಕ್ಷೇತ್ರದ ತಿಥಿಗೆ ಹೋಗೋಕೆ ನಾನೊಬ್ನೇ ಕಣಪ್ಪಾ ಇರೋದು." ಸಂವಿಧಾನ ಪಂಡಿತರು ಏನೇ ಹೇಳಲಿ, ಇದಕ್ಕೆ ಎದುರುತ್ತರ ನನಗೆ ಹೊಳೆದಿಲ್ಲ.

ತಿಥಿ ಎಂದರೆ ಈ ಕಡೆ ಸಣ್ಣ ವಿಷಯವಲ್ಲ. ಮಂಡ್ಯದ ನೊದೆಕೊಪ್ಪಲಿನ ಜನರನ್ನೇ ಹಾಕಿ ತೆಗೆದ 'ತಿಥಿ' ಸಿನಿಮಾ 2015ರಲ್ಲಿ ಲೊಕಾರ್ನೊವರೆಗೂ ಹೋಗಿ ಬಹುಮಾನ ತಂದಿತು. ಸಾಹೇಬರು ಅಷ್ಟು ದೂರ ಹೋಗಲಿಲ್ಲ, ತಿಥಿಯಿಂದ ವಿಧಾನಸೌಧಕ್ಕೆ ಹೋದರು ಅಷ್ಟೆ. ಅವರು ತಿಥಿಗೆ ಹೋಗುವ ಕ್ರಮವನ್ನು ಒಮ್ಮೆ ನೋಡಬೇಕು. ಊರ ಬಾಗಿಲಲ್ಲೇ ಕಾರಿನ ಎ.ಸಿ. ಆಫ್. ಮನೆ ಮುಂದೆ ಇಳಿಯುವ ಹೊತ್ತಿಗೆ ಮುಖದಲ್ಲಿ ಒಂದಿಷ್ಟು ಬೆವರು. ಫೋಟೊಗೆ ಹೂವು ಹಾಕಿ, ಸತ್ತವರ ಹಿರೇಮಗನ ಹೆಗಲ ಮೇಲೆ ಕೈಯಿಟ್ಟು, "ನಂಗೆ ನಿಮ್ಮಪ್ಪ ಬೇರೆ ಅಲ್ಲ, ನಮ್ಮಪ್ಪ ಬೇರೆ ಅಲ್ಲ" ಎನ್ನುತ್ತಾರೆ. ಒಮ್ಮೆ ಹೀಗಂದಾಗ ಫೋಟೊದಲ್ಲಿದ್ದದ್ದು ಅಜ್ಜಿ. ಪಿ.ಎ. ಕೆಮ್ಮಿದ. ಸಾಹೇಬರು ತಡವರಿಸಲಿಲ್ಲ: "ಅಪ್ಪನಂಗೆ ಸಾಕುದ್ಲಲ್ಲ ತಾಯಿ!" ಅಂದರು. ಮನೆಯವರೆಲ್ಲ ಗೊಳೋ ಎಂದರು. ಆಮೇಲೆ ಬಾಡೂಟ. ಬಂಡೂರು ಕುರಿಯ ತವರು ಮಳವಳ್ಳಿ ತಾಲ್ಲೂಕು. ಇಲ್ಲಿ ಎಲೆ ಮುಂದೆ ಕೂತು 'ಬೇಡ' ಎಂದವನು ಗೆದ್ದಿದ್ದನ್ನು ನಾನಂತೂ ಕಂಡಿಲ್ಲ. ಡಾಕ್ಟರು ಮುದ್ದೆಗಿಂತ ಹೆಚ್ಚೇನೂ ಮುಟ್ಟಬೇಡಿ ಎಂದಿದ್ದಾರೆ. ಸಾಹೇಬರು ಮುಟ್ಟುವುದು ಜನರ ಮನಸ್ಸು ನೋಯದಿರಲಿ ಎಂದು.

ನೀರಿನ ವಿಷಯಕ್ಕೆ ಬಂದರೆ ಹಾಲಿ ಇದ್ದಾಗಿನದಕ್ಕಿಂತ ಮಾಜಿಯಾದ ಮೇಲೇ ಅವರಿಗೆ ಸುಖ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗಕ್ಕೆ ನೀರು ಹತ್ತುವುದಿಲ್ಲ ಎಂಬುದು ಮದ್ದೂರು, ಮಳವಳ್ಳಿ ರೈತರ ಹಳೆಯ ಗೋಳು. ಹಾಲಿ ಇದ್ದಾಗ ಒಂದು ದಿನ ರೈತರು ಮನೆ ಮುಂದೆ ಕೂತರು. ಸಾಹೇಬರು ಎಲ್ಲರೆದುರೇ ಫೋನು ತೆಗೆದು ಗುಡುಗಿದರು: "ಏನ್ರೀ ಇಂಜಿನಿಯರ್ರೇ, ನಾಳೆ ಬೆಳಗಾಗೋದ್ರೊಳ್ಗೆ ನೀರು ಬರ್ಬೇಕು!" ಅವಸರದಲ್ಲಿ ಸ್ಪೀಕರ್ ಒತ್ತಿಹೋಗಿತ್ತು. ಆ ಕಡೆಯಿಂದ ಅಮ್ಮಾವ್ರ ದನಿ: "ಆಗ್ಲೇ ಬಂದೈತೆ ಕಣ್ರೀ, ಮೋಟ್ರು ಹಾಕಿವ್ನಿ, ಸಂಪು ತುಂಬ್ತಾ ಐತೆ."

ಈಗ ಆ ಕಷ್ಟವಿಲ್ಲ. ತಮಿಳುನಾಡಿಗೆ ನೀರು ಬಿಟ್ಟರೆಂದು ಸುದ್ದಿ ಬಂದ ಬೆಳಿಗ್ಗೆ ಮಂಡ್ಯದ ಹೆದ್ದಾರಿಯಲ್ಲಿ ಮೊದಲು ಮಲಗುವವರು ಅವರೇ. ಅಧಿಕಾರದಲ್ಲಿದ್ದಾಗ 'ಮೇಲಿನವರ ಹತ್ರ ಮಾತಾಡಿವ್ನಿ' ಎಂದು ಐದು ವರ್ಷ ನಿಂತೇ ಇದ್ದವರಿಗೆ ಟಾರಿನ ಮೇಲಾದರೂ ವಿಶ್ರಾಂತಿ ಸಿಗಬೇಡವೇ?

ಸೋತದ್ದಕ್ಕೆ ಅವರಿಗೆ ನಾಚಿಕೆಯಿಲ್ಲ. ಉದಾಹರಣೆ ಕೈಯಲ್ಲೇ ಇದೆ. ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1962ರಲ್ಲಿ ಪಕ್ಷೇತರರಾಗಿ ನಿಂತು, ನೆಹರೂ ಅವರೇ ಪ್ರಚಾರಕ್ಕೆ ಬಂದ ಕೆ.ವಿ. ಶಂಕರಗೌಡರನ್ನು ಮದ್ದೂರಿನಲ್ಲಿ ಸೋಲಿಸಿದರು. 1967ರಲ್ಲಿ ಅದೇ ಮದ್ದೂರು ಕೃಷ್ಣರನ್ನೂ ಮಾಜಿ ಮಾಡಿತು. ಮರುವರ್ಷವೇ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದರು. 1999ರಲ್ಲಿ ಮದ್ದೂರಿನಿಂದಲೇ ಗೆದ್ದು ಮುಖ್ಯಮಂತ್ರಿಯಾದರು. "ಸೋಲ್ದೆ ಯಾರ್ಲಾ ಸಿ.ಎಂ. ಆಗವ್ರೆ?" ಎಂಬುದು ಸಾಹೇಬರ ವಾದ. ಜಿ. ಮಾದೇಗೌಡರ ಹೆಸರು ಯಾರಾದರೂ ಎತ್ತಿದರೆ ಮಾತ್ರ ಸುಮ್ಮನಾಗುತ್ತಾರೆ. 1962ರಿಂದ ಆರು ಸಲ ಶಾಸಕರಾದವರನ್ನು ತಮ್ಮ ವಾದಕ್ಕೆ ಒಗ್ಗಿಸುವುದು ಕಷ್ಟ. ಆದರೂ ಒಂದು ಸಮಾಧಾನ ಕಂಡುಕೊಂಡಿದ್ದಾರೆ: ಗೌಡರ ಕಿರುಗಾವಲು ಕ್ಷೇತ್ರವೇ 2008ರ ಮರುವಿಂಗಡಣೆಯಲ್ಲಿ ಮಾಯವಾಯಿತಲ್ಲ! "ನೋಡ್ರಪ್ಪಾ, ಕ್ಷೇತ್ರನೂ ಮಾಜಿ ಆಯ್ತದೆ."

ಮೊನ್ನೆ ಸಂಜೆ ಜಗಲಿಯಲ್ಲಿ ಪಿ.ಎ. ಮಾರನೆಯ ದಿನದ ಡೈರಿ ಓದುತ್ತಿದ್ದ. ಸಂಬಳ ನಿಂತರೂ ಬಿಟ್ಟುಹೋಗದ ಹುಡುಗ.

"ಅಣ್ಣಾ, ಮದ್ದೂರಲ್ಲೊಂದು ಮದುವೆ, ಮಳವಳ್ಳೀಲೊಂದು. ಎರಡ್ಕೂ ಹಾಲಿ ಶಾಸಕರು ಮುಹೂರ್ತಕ್ಕೆ ಬತ್ತಾರಂತೆ."

"ಹಂಗಾರೆ ಇವತ್ ರಾತ್ರಿ ರಿಸೆಪ್ಸನ್‌ಗೇ ಮುಯ್ಯಿ ಕೊಟ್ ಬುಡಾವ. ತಿಥಿ?"

"ಇಲ್ಲಣ್ಣ. ಹಲಗೂರು ಕಡೆ ಒಬ್ರು ವಯಸ್ಸಾದೋರು ಆಸ್ಪತ್ರೇಲವ್ರೆ. ದೊಡ್ಡ ಮನೆತನ."

"ಹಾಲಿ ಬಂದು ನೋಡ್ಕೊಂಡ್ ಹೋದ್ರಾ?"

"ಇನ್ನೂ ಇಲ್ಲ."

ಸಾಹೇಬರು ಎದ್ದು ಚಪ್ಪಲಿ ಹುಡುಕತೊಡಗಿದರು. "ಗಾಡಿ ತೆಗಿಯೋಕ್ ಹೇಳ್ಲಾ. ದಾರೀಲಿ ಒಂದ್ ಡಜನ್ ಎಳನೀರು ಹಾಕಿಸ್ಕೋ. ಗಂಜಿ ಐತೋ ನೋಡಿ ತಗೋ, ಅವ್ರಿಗೆ ಹಲ್ಲಿರಲ್ಲ."