ಸೋಪಾನಾಚ್ಛಾದನ ಮೀಮಾಂಸೆ

ಉಪೋದ್ಘಾತ

ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, ಅಂದರೆ 1837ರಿಂದ 1901ರವರೆಗೆ, ಇಂಗ್ಲೆಂಡಿನ ಊರೂರಲ್ಲಿ ಗೋಡೆಗೆ ಗೋಡೆ ತಾಗಿಸಿ ಸಾಲುಮನೆಗಳನ್ನು ಕಟ್ಟಿದರು. ಅವುಗಳ ಮರದ ಮೆಟ್ಟಿಲ ನಟ್ಟನಡುವೆ ಮೇಲಿಂದ ಕೆಳತನಕ ಹಾಸುವ ಪಟ್ಟಿಗಂಬಳಿಗೆ ರನ್ನರ್ ಎಂದು ಹೆಸರು. ಅದನ್ನು ಹಾಸುವ ಮೊದಲು ಸವೆದ ಮೆಟ್ಟಿಲನ್ನು ರಿಪೇರಿ ಮಾಡಬೇಕೋ ಬೇಡವೋ ಎಂಬುದೇ ಈ ಶಾಸ್ತ್ರದ ವಿಷಯ. ಪ್ರಯೋಜನ: ಗೃಹಶಾಂತಿ. ಅಧಿಕಾರಿ: ಮಂಡಿನೋವಿಲ್ಲದವನು. ಸಂಬಂಧ: ದಾಂಪತ್ಯ, ಕೆಲಸ ಮುಗಿಯುವವರೆಗೆ ಉಳಿದರೆ.

ಪೂರ್ವಪಕ್ಷ

ಪೂರ್ವಪಕ್ಷಿ ಸಾಮಾನ್ಯವಾಗಿ ಸೋಫಾದ ಮೇಲೆ ಮಲಗಿರುತ್ತಾನೆ. ಅವನ ವಾದ ಹೀಗೆ: "ಜನ ತುಳಿಯುವುದು ನಡುವೆ, ಸವೆಯುವುದೂ ನಡುವೆ, ರನ್ನರ್ ಮುಚ್ಚುವುದೂ ನಡುವನ್ನೇ. 80 ಸೆಂ.ಮೀ. ಅಗಲದ ಮೆಟ್ಟಿಲಿಗೆ 60 ಸೆಂ.ಮೀ. ರನ್ನರ್ ಹಾಸಿದರೆ ಕಾಣುವುದು ಪಕ್ಕಕ್ಕೆ ತಲಾ 10 ಸೆಂ.ಮೀ. ಕಾಣದ್ದಕ್ಕೆ ಬೆವರು ಸುರಿಸುವುದೇಕೆ?" ಈ ವಾದಕ್ಕೆ ಹಿರಿಯರ ಆಚಾರದ ಬೆಂಬಲವೂ ಉಂಟು. ಅಗ್ಗದ ಪೈನ್ ಮರದಲ್ಲಿ ಮೆಟ್ಟಿಲು ಮಾಡಿ, ಕಾಣುವ ಅಂಚಿಗಷ್ಟೇ ಬಣ್ಣ ಬಳಿದು, ಅದರ ಮೇಲೆ ಓಕ್ ಮರದ ಎಳೆಗಳನ್ನು ಕುಂಚದಲ್ಲಿ ಬರೆದು ಕೈತೊಳೆದುಕೊಂಡವರು ಆಗ ಬೇಕಾದಷ್ಟು ಜನ.

ಸಿದ್ಧಾಂತ

ಇದು ಸಲ್ಲದು. ಕಂಬಳಿ ಕಣ್ಣಿಗೆ ಮರೆಯೇ ಹೊರತು ಕಿವಿಗಲ್ಲ. ಮೆಟ್ಟಿಲ ಹಲಗೆಯನ್ನು ಅಡಿಯಿಂದ ಹಿಡಿದಿಟ್ಟಿರುವುದು ಬೆಣೆಗಳು, ಅಂಟಿಸಿದ ಪುಟ್ಟ ಮರದ ತುಂಡುಗಳು. ಪ್ರಾಣಿಜನ್ಯ ಅಂಟು ಒಣಗಿ ಬಿಟ್ಟುಕೊಂಡಾಗ, ಮರ ಕುಗ್ಗಿ ಬೆಣೆ ಸಡಿಲಾದಾಗ, ಹಲಗೆಗೆ ಹಲಗೆ ಉಜ್ಜಿ ಕಿರ್ ಎನ್ನುತ್ತದೆ. ಮೇಲೆ ಎಷ್ಟು ದುಬಾರಿ ಉಣ್ಣೆ ಹಾಸಿದರೂ ಕಿರ್ ಕಿರ್ರೇ. ಎರಡನೆಯದು, ಕಂಬಳಿ ಎಲ್ಲಕ್ಕಿಂತ ಬೇಗ ಸವೆಯುವುದು ಮೆಟ್ಟಿಲ ಮುಂಚಾಚಿನ ಮೇಲೆ ಬಾಗುವ ಕಡೆ. ಮರದ ಆ ಮೂಗು ಮುರಿದಿದ್ದರೆ ಕಂಬಳಿಯ ಮೂಗು ಉಳಿಯುವುದುಂಟೇ?

ಬಣ್ಣದ ಪ್ರಶ್ನೆಯಲ್ಲಿ ಮೂರು ಮತಗಳಿವೆ. ಬಣ್ಣವೆಲ್ಲ ಮಾಯೆ, ಕೆರೆದ ಮೇಲೆ ಉಳಿಯುವ ಮರವೊಂದೇ ಸತ್ಯ ಎಂಬುದು ಅದ್ವೈತಿಗಳ ನಿಲುವು. ಅಂಚು ಬೇರೆ, ನಡು ಬೇರೆ, ಭೇದ ನಿತ್ಯ, ಆದ್ದರಿಂದ ಅಂಚಿಗಷ್ಟೇ ಬಣ್ಣ ಎನ್ನುವವರು ದ್ವೈತಿಗಳು. ವಿಶಿಷ್ಟಾದ್ವೈತಿಗಳ ಪ್ರಕಾರ ಮರಕ್ಕೂ ಕಂಬಳಿಗೂ ಬಿಡಿಸಲಾಗದ ನಂಟು. ಬಣ್ಣವನ್ನು ಕಂಬಳಿಯ ಅಡಿಗೂ ಎರಡು ಬೆರಳಗಲ ಎಳೆಯಬೇಕು. ರನ್ನರ್ ಒಂದಿಷ್ಟು ಸೊಟ್ಟಗೆ ಕೂತರೂ ಬೋಳುಮರ ಇಣುಕದೆಂಬ ಕಾರಣಕ್ಕೆ ಅನುಭವಿಗಳ ಒಲವು ಈ ಕೊನೆಯ ಮತದತ್ತ.

ಒಂದು ಮಾತಿನಲ್ಲಿ ಮಾತ್ರ ಮತಭೇದವಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣಬಣ್ಣಕ್ಕೆ ಮೆಷಿನ್ ಹಿಡಿದು ಉಜ್ಜಿದರೆ ಮಾಯೆ ಕಳಚುವ ಮೊದಲೇ ಪುಡಿ ಶ್ವಾಸಕೋಶ ಸೇರುತ್ತದೆ. ಮೊದಲು ಪರೀಕ್ಷಿಸಬೇಕು. ಸೀಸ ಇದ್ದರೆ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಟ್ಟು, ಮಾಸ್ಕ್ ಹಾಕಿ, ಒದ್ದೆ ಮಾಡಿಯೇ ಉಜ್ಜಬೇಕು.

ಪ್ರಯೋಗ

ಹಳೆ ಕಂಬಳಿಯ ಮೊಳೆಗಳನ್ನು ಒಂದೂ ಬಿಡದೆ ಕೀಳಬೇಕು. ಮೆಟ್ಟಿಲಡಿಯ ಕಪಾಟಿನೊಳಗೆ ತೂರಿ ಬೆಣೆಗೆ ಅಂಟು ಹಚ್ಚಿ ಬಡಿಯಬೇಕು. ಅಡಿಭಾಗ ಗಾರೆಯಿಂದ ಮುಚ್ಚಿದ್ದರೆ ಮೇಲಿನಿಂದಲೇ ಸ್ಕ್ರೂ ತಿರುಗಿಸಿ, ತಲೆ ಹಲಗೆಯೊಳಗೆ ಮುಳುಗುವಷ್ಟು ಬಿಗಿಯಬೇಕು. ಕಲೆಯನ್ನು ರನ್ನರ್ ನುಂಗಿಕೊಳ್ಳುತ್ತದೆ. ಪೂರ್ವಪಕ್ಷಿಗೆ ಸಿಗುವ ಗೆಲುವು ಇದೊಂದೇ.

ಬಣ್ಣವನ್ನು ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಬಳಿಯತಕ್ಕದ್ದು. ಒಟ್ಟಿಗೆ ಬಳಿದ ವಿದ್ವಾಂಸ ಕೆಳಗೂ ಬಚ್ಚಲು ಮೇಲೂ ಉಳಿದ ರಾತ್ರಿ ಶಾಸ್ತ್ರವೆಲ್ಲ ಮರೆತುಹೋಗುತ್ತದೆ.

ರನ್ನರನ್ನು ಅಂಗೈಯಿಂದ ಸವರಿದಾಗ ಎಳೆ ನಯವಾಗಿ ಮಲಗುವ ದಿಕ್ಕು ಕೆಳಮುಖವಾಗಿರಬೇಕು. ಹಿಂದಿನವರು ಅದನ್ನು ಹಿತ್ತಾಳೆ ಸರಳುಗಳಿಂದ ಹಿಡಿದಿಡುತ್ತಿದ್ದುದರಲ್ಲಿ ಶೋಕಿಯಷ್ಟೇ ಇರಲಿಲ್ಲ. ಒಂದಿಷ್ಟು ಉದ್ದ ಹೆಚ್ಚುವರಿಯಾಗಿ ಮಡಚಿಟ್ಟು, ಆಗಾಗ ಸರಳು ತೆಗೆದು ಕಂಬಳಿಯನ್ನು ಸರಿಸುತ್ತಿದ್ದರು. ಮೂಗಿನ ಮೇಲೆ ಸವೆದ ಭಾಗ ಕಾಲು ಬೀಳದ ಎದುರು ಹಲಗೆಗೆ ವರ್ಗವಾಗಿ ನಿವೃತ್ತಿ ಪಡೆಯುತ್ತಿತ್ತು.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಆಚರಿಸಿದವನ ಮೆಟ್ಟಿಲು ಸದ್ದು ಮಾಡದು. ಆದರೆ ಪೂರ್ಣಫಲ ಸಲ್ಲುವುದು ಅವನಿಗಲ್ಲ, ಹದಿನೇಳರ ಹರೆಯದ ಅವನ ಮಗನಿಗೆ. ರಾತ್ರಿ ಒಂದೂವರೆಗೆ ಬೂಟು ಕೈಯಲ್ಲಿ ಹಿಡಿದು ಹತ್ತಿದರೆ ಮನೆಯಲ್ಲಿ ಯಾರಿಗೂ ಎಚ್ಚರವಾಗದು. ಆದ್ದರಿಂದ ತಾಯಂದಿರ ಸಂಪ್ರದಾಯದಲ್ಲಿ ಒಂದು ಅಪವಾದವುಂಟು: ಮೇಲಿನಿಂದ ಮೂರನೆಯ ಮೆಟ್ಟಿಲನ್ನು ರಿಪೇರಿ ಮಾಡತಕ್ಕದ್ದಲ್ಲ.