ವೆಂಗರ್ ನಿರ್ಗಮನ ಪ್ರಸಂಗದಲ್ಲಿ ಭಾವಶಬಲತೆ: ಒಂದು ರಸಮೀಮಾಂಸೆ

ಭರತಮುನಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ ಎಂದು ವಾದಿಸುವ ವಿದ್ವಾಂಸರು ಈಗಲೂ ಇದ್ದಾರೆ. ಅವರ ಬಾಯಿ ಮುಚ್ಚಿಸಲು ಒಂದು ಕೂಡಿಸುವ ಲೆಕ್ಕ ಸಾಕು. ಭರತನ ನಾಟ್ಯಶಾಸ್ತ್ರದ ಪ್ರಕಾರ ಸ್ಥಾಯಿಭಾವಗಳು 8, ಸಾತ್ತ್ವಿಕಭಾವಗಳು 8, ಸಂಚಾರಿಭಾವಗಳು 33. ಒಟ್ಟು 49. ಉತ್ತರ ಲಂಡನ್ನಿನ ಆರ್ಸೆನಲ್ ತಂಡ ಆರ್ಸೆನ್ ವೆಂಗರ್ ಅವರ ಕೈಕೆಳಗೆ 2003ರ ಮೇ ತಿಂಗಳಿಂದ 2004ರ ಅಕ್ಟೋಬರ್‌ವರೆಗೆ ಲೀಗಿನಲ್ಲಿ ಒಂದೂ ಸೋಲಿಲ್ಲದೆ ಆಡಿದ ಪಂದ್ಯಗಳು ಎಷ್ಟು? ಅವೂ 49. ಇದನ್ನು ಕಾಕತಾಳೀಯ ಎನ್ನುವವರು ಮುಂದೆ ಓದಬೇಕಾಗಿಲ್ಲ.

ಭರತನ ಎಂಟು ರಸಗಳ ಜೊತೆ ಶಾಂತವನ್ನೂ ಸೇರಿಸಿ, ಅದಕ್ಕೆ ಶಮವೆಂಬ ಸ್ಥಾಯಿಯನ್ನು ಹೊಂದಿಸಿ, ಲೆಕ್ಕವನ್ನು 50ಕ್ಕೆ ಏರಿಸಲು ಹೊರಟ ಆಲಂಕಾರಿಕರು ಆಮೇಲೆ ಬಂದರು. ಈ ಸೇರ್ಪಡೆ ಸಾಧುವೇ ಎಂಬ ಚರ್ಚೆ ಶತಮಾನಗಟ್ಟಲೆ ನಡೆದಿದೆ. ಅದು ಇತ್ಯರ್ಥವಾದದ್ದು 2004ರ ಅಕ್ಟೋಬರ್ 24ರಂದು, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ. ಆರ್ಸೆನಲ್ಲಿಗೆ ಆ ಸಾಲಿನ 50ನೆಯ ಪಂದ್ಯ. 0–2ರ ಸೋಲು. ಆಟ ಮುಗಿದ ಮೇಲೆ ಒಳಗಿನ ಓಣಿಯಲ್ಲಿ ಹೊಡೆದಾಟವಾಗಿ, ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಗುರು ಅಲೆಕ್ಸ್ ಫರ್ಗುಸನ್ ಅವರ ಮೈಮೇಲೆ ಒಂದು ಪಿಜ್ಜಾ ತುಂಡು ಹಾರಿ ಬಂದು ಬಿತ್ತು. ಐವತ್ತನೆಯ ಜಾಗದಲ್ಲಿ ಶಾಂತಕ್ಕೆ ಎಡೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣವನ್ನು ಪ್ರಸ್ತುತ ಪ್ರಬಂಧಕಾರನು ಅರಿಯನು.

ಇಷ್ಟನ್ನು ಪೀಠಿಕೆಯಾಗಿಟ್ಟುಕೊಂಡು ವಿಷಯಕ್ಕೆ ಬರೋಣ. 2018ರ ಏಪ್ರಿಲ್ 20ರ ಬೆಳಗ್ಗೆ, ಸುಮಾರು ಇಪ್ಪತ್ತೆರಡು ವರ್ಷ ತಂಡ ನಡೆಸಿದ ವೆಂಗರ್ ಆ ಋತುವಿನ ಕೊನೆಗೆ ಹೊರಡುತ್ತಾರೆಂಬ ಪ್ರಕಟಣೆ ಬಂತು. ಅದನ್ನು ಓದಿದ ಅಭಿಮಾನಿಗೆ ಆದದ್ದೇನು? ಸಂತೋಷವೆಂದರೆ ಗಂಟಲು ಕಟ್ಟಿತ್ತು. ದುಃಖವೆಂದರೆ ಈ ದಿನಕ್ಕಾಗಿ ಅವನೇ ಬೋರ್ಡು ಹಿಡಿದು ನಿಂತಿದ್ದ. ಪತ್ರಿಕೆಗಳು ‘ಮಿಶ್ರ ಭಾವನೆ’ ಎಂದು ಬರೆದು ಕೈತೊಳೆದುಕೊಂಡವು. ನಮ್ಮ ಲಾಕ್ಷಣಿಕರು ಅಷ್ಟು ಸೋಮಾರಿಗಳಲ್ಲ. ಸಮಬಲದ ಎರಡು ಭಾವಗಳು ಒಂದೆಡೆ ಕೂಡಿದರೆ ಅದು ಭಾವಸಂಧಿ. ಒಂದನ್ನು ಒತ್ತಿ ಇನ್ನೊಂದು, ಅದನ್ನು ತಳ್ಳಿ ಮತ್ತೊಂದು, ಹೀಗೆ ಸಾಲುಗಟ್ಟಿ ನುಗ್ಗಿದರೆ ಭಾವಶಬಲತೆ. ಆರ್ಸೆನಲ್ ಅಭಿಮಾನಿಯದು ಎರಡನೆಯದು.

ವಿಭಾವಗಳನ್ನು ಮೊದಲು ನೋಡಬೇಕು. ಆಲಂಬನ ವಿಭಾವ ಸಾಕ್ಷಾತ್ ವೆಂಗರ್: ಫ್ರಾನ್ಸಿನ ಆಲ್ಸೇಸ್ ಸೀಮೆಯವರು, ಎತ್ತರದ ಸಣಕಲು ದೇಹ, ಮೇಷ್ಟರ ಮುಖ. ಜಪಾನಿನ ನಗೋಯಾದಿಂದ 1996ರಲ್ಲಿ ಲಂಡನ್ನಿಗೆ ಬಂದಾಗ ಅಲ್ಲಿನ ಪತ್ರಿಕೆ ಈತ ಯಾರು ಎಂದು ತಲೆಬರಹದಲ್ಲೇ ಕೇಳಿತ್ತು. ಅವರು ಆಟಗಾರರ ಕೈಯಿಂದ ಮಾರ್ಸ್ ಚಾಕೊಲೇಟು ಕಿತ್ತುಕೊಂಡು ಬೇಯಿಸಿದ ತರಕಾರಿ ಕೊಟ್ಟರು. ಎರಡನೆಯ ವರ್ಷವೇ ಲೀಗೂ ಎಫ್‌ಎ ಕಪ್ಪೂ ಬಂದವು.

ಇನ್ನು ಉದ್ದೀಪನ ವಿಭಾವ. ಕಾವ್ಯದಲ್ಲಿ ಇದಕ್ಕೆ ಚಂದ್ರ, ಮಲಯಮಾರುತ, ಕೋಗಿಲೆ. ಇಲ್ಲಿ ಒಂದು ಕೋಟು. ಮೊಣಕಾಲು ದಾಟುವ ದಪ್ಪ ಕಪ್ಪು ಕೋಟು, ಅದರ ಜಿಪ್ಪು. ತಂಡ ಗೋಲು ಬಿಟ್ಟುಕೊಟ್ಟ ಹೊತ್ತಿಗೆ ಸರಿಯಾಗಿ ವೆಂಗರ್ ಆ ಜಿಪ್ಪಿನ ಎರಡು ತುದಿಗಳನ್ನು ಕೂಡಿಸಲು ಬಗ್ಗುತ್ತಿದ್ದರು. ಒಂದು ಕೈಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಹಲ್ಲಿನ ಸಾಲು, ಮಧ್ಯೆ ನಡುಗುವ ಬೆರಳು. ಸೇರಿತು ಅನ್ನುವಾಗ ಜಾರುತ್ತಿತ್ತು. ಅವರು ತಲೆಯೆತ್ತಿ ಮೈದಾನ ನೋಡಿ, ಮತ್ತೆ ಬಗ್ಗಿ, ಮತ್ತೆ ಹೆಣಗುತ್ತಿದ್ದರು. ಅರ್ಥಶಾಸ್ತ್ರದಲ್ಲಿ ಪದವಿ ಪಡೆದವರು, ಹಲವು ಭಾಷೆ ಬಲ್ಲವರು, ಇಡೀ ಋತುವಿನ 38 ಲೀಗ್ ಪಂದ್ಯ ಸೋಲದೆ ಮುಗಿಸಿದವರು ಒಂದು ಜಿಪ್ಪಿಗೆ ಸೋಲುವ ಆ ದೃಶ್ಯವನ್ನು ಟಿ.ವಿ. ಕ್ಯಾಮೆರಾ ಹತ್ತಿರದಿಂದ ತೋರಿಸುತ್ತಿತ್ತು. ನೋಡುಗನಿಗೆ ಮೊದಲು ಹಾಸ್ಯ, ನಂತರ ಅಮರ್ಷ, ಆಮೇಲೆ ಎದ್ದು ಹೋಗಿ ತಾನೇ ಜಿಪ್ಪು ಹಾಕಿಕೊಡಬೇಕೆಂಬ ವಾತ್ಸಲ್ಯ. ಭಾವಶಬಲತೆಗೆ ಲಕ್ಷ್ಯ ಬೇಕಾದವರು ಮುಂದೆ ಸಂಸ್ಕೃತ ನಾಟಕ ಹುಡುಕುವುದು ಬೇಡ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: ಭಾವಗಳ ಬೆರಕೆಯೇ ಇಲ್ಲ, ಇದ್ದದ್ದು ಎರಡು ಪಂಗಡ, ‘ಇರಲಿ’ ಎನ್ನುವವರದೊಂದು, ‘ಹೋಗಲಿ’ ಎನ್ನುವವರದೊಂದು. ಅವನ ಸಾಕ್ಷ್ಯ ಆಕಾಶದಲ್ಲಿದೆ. 2017ರ ಮಾರ್ಚ್ 18ರಂದು ವೆಸ್ಟ್ ಬ್ರಾಮ್ ಮೈದಾನದ ಮೇಲೆ ಒಂದು ವಿಮಾನ ಹಾರಿತು, ಬಾಲದಲ್ಲಿ ಈತನಿಗೆ ಹೊಸ ಕರಾರು ಕೊಡಬೇಡಿ ಎಂಬ ಬ್ಯಾನರು. ಅದೇ ಪಂದ್ಯದಲ್ಲಿ ಇನ್ನೊಂದು ವಿಮಾನವೂ ಹಾರಿತು, ಈತನಲ್ಲಿ ನಮಗೆ ನಂಬಿಕೆ ಎಂಬ ಬ್ಯಾನರು ಕಟ್ಟಿಕೊಂಡು. ಕೆಳಗೆ ಆರ್ಸೆನಲ್ 1–3ರಿಂದ ಸೋಲುತ್ತಿತ್ತು. ತಂಡದ ರಕ್ಷಣೆಗಿಂತ ಆಕಾಶದಲ್ಲೇ ಹೆಚ್ಚು ಶಿಸ್ತಿತ್ತು.

ಸಮಾಧಾನ: ವಿಮಾನ ಎರಡಿರಬಹುದು, ಮನಸ್ಸು ಒಂದೇ. 2016ರ ಏಪ್ರಿಲ್ 30ರ ನಾರ್ವಿಚ್ ಪಂದ್ಯವನ್ನು ನೋಡಿ. ಬದಲಾವಣೆ ಬೇಕೆಂದು ಅಚ್ಚು ಹಾಕಿಸಿದ ಹಾಳೆಗಳನ್ನು 12ನೆಯ ನಿಮಿಷಕ್ಕೊಮ್ಮೆ, ಆಟಕ್ಕೆ ಇನ್ನು 12 ನಿಮಿಷ ಉಳಿದಿರುವ 78ನೆಯ ನಿಮಿಷಕ್ಕೊಮ್ಮೆ ಎತ್ತಬೇಕೆಂದು ಮೊದಲೇ ನಿಗದಿಯಾಗಿತ್ತು, ಲೀಗ್ ಗೆದ್ದು 12 ವರ್ಷವಾಯಿತೆಂಬ ಲೆಕ್ಕದಲ್ಲಿ. ಎತ್ತಿದರು, ಇಳಿಸಿದರು. ಉಳಿದ ಹೊತ್ತು ಗೋಲಿಗಾಗಿ ಬಾಯಿಬಾಯಿ ಬಿಟ್ಟರು. ಡ್ಯಾನಿ ವೆಲ್ಬೆಕ್ ಗೋಲು ಹೊಡೆದಾಗ ಹಾಳೆ ಹಿಡಿದ ಕೈಗಳೇ ಚಪ್ಪಾಳೆ ತಟ್ಟಿದವು. ಮುಹೂರ್ತ ನೋಡಿ ಬರುವ ಸಿಟ್ಟಿಗೆ ಶಾಸ್ತ್ರದಲ್ಲಿ ರೌದ್ರ ಎನ್ನುವುದಿಲ್ಲ. ಅದು ವ್ರತ.

ಹಾಗಾದರೆ ‘ಹೋಗು’ ಎಂದವನ ಸ್ಥಾಯಿಭಾವ ಯಾವುದು? ಪ್ರಸ್ತುತ ಪ್ರಬಂಧದ ಸಿದ್ಧಾಂತ ಇದು: ರತಿ. ಪ್ರೀತಿಗೆ ನಮ್ಮವರು ಎರಡು ಅವಸ್ಥೆ ಹೇಳಿದ್ದಾರೆ, ಸಂಭೋಗ ಮತ್ತು ವಿಪ್ರಲಂಭ. ವಿಪ್ರಲಂಭಕ್ಕೆ ನಾಯಕ ಕಣ್ಮರೆಯಾಗಿರಬೇಕು. ವೆಂಗರ್ ಕಣ್ಮರೆಯಾಗಲು ಒಪ್ಪುತ್ತಿರಲಿಲ್ಲ. ಪ್ರತಿ ಶನಿವಾರ ಬಂದು ಅದೇ ಬೆಂಚಿನಲ್ಲಿ ಕೂರುತ್ತಿದ್ದರು. ಎದುರಿಗೇ ಕೂತು ಸೋಲುತ್ತಿರುವವರನ್ನು ನೆನೆದು ವಿರಹಪಡುವುದು ಎಷ್ಟು ಹೊತ್ತು ಸಾಧ್ಯ? ಮನಸಾರೆ ಪ್ರೀತಿಸಲು ಅನುವಾಗಲೆಂದೇ ಅಭಿಮಾನಿ ಅವರನ್ನು ಹೊರಗಟ್ಟಲು ಹೊರಟ. ಇಷ್ಟು ಸರಳವಾದ ವಿಷಯ ಕ್ಲಬ್ಬಿನ ಆಡಳಿತ ಮಂಡಳಿಗೆ ಹೊಳೆಯದೆ, 2017ರ ಮೇ ಕೊನೆಯಲ್ಲಿ ಎಫ್‌ಎ ಕಪ್ ಗೆದ್ದ ಉಮೇದಿನಲ್ಲಿ ಅವರಿಗೆ ಇನ್ನೂ ಎರಡು ವರ್ಷದ ಕರಾರು ಬರೆದುಕೊಟ್ಟುಬಿಟ್ಟಿತು.

ಸಂಚಾರಿಭಾವಗಳು ಮೂವತ್ತಮೂರನ್ನೂ ಉದಾಹರಿಸಲು ಜಾಗವಿಲ್ಲ. ಮುಖ್ಯವಾದ ಕೆಲವು ಸಾಕು. ಗ್ಲಾನಿ: 2011ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 2–8. ವ್ರೀಡೆ: 2014ರ ಮಾರ್ಚಿನಲ್ಲಿ ವೆಂಗರ್ ಅವರ 1000ನೆಯ ಪಂದ್ಯ, ಚೆಲ್ಸಿ ಎದುರು 0–6. ಅಸೂಯೆ: ತಂಡದ ನಾಯಕ ರಾಬಿನ್ ವ್ಯಾನ್ ಪರ್ಸಿಯನ್ನು 2012ರಲ್ಲಿ ಯುನೈಟೆಡ್‌ಗೆ ಮಾರಿದ್ದು, ಅವನು ಮೊದಲ ವರ್ಷವೇ ಅಲ್ಲಿ ಲೀಗ್ ಗೆದ್ದದ್ದು. ವಿತರ್ಕಕ್ಕೆ ಮಾತ್ರ ಸ್ವಲ್ಪ ವಿಸ್ತಾರ ಬೇಕು. 2013ರ ಜುಲೈನಲ್ಲಿ ಲಿವರ್‌ಪೂಲಿನ ಲೂಯಿ ಸುವಾರೆಜ್‌ಗಾಗಿ ಆರ್ಸೆನಲ್ 4 ಕೋಟಿ ಪೌಂಡಿನ ಮೇಲೆ 1 ಪೌಂಡ್ ಇಟ್ಟು ಕೇಳಿತು. 4 ಕೋಟಿ ದಾಟಿದರೆ ಬಿಡಲೇಬೇಕೆಂಬ ಷರತ್ತು ಅವನ ಕರಾರಿನಲ್ಲಿದೆ ಎಂಬ ನಂಬಿಕೆ. ಮುಯ್ಯಿಯ ಲಕೋಟೆಗೆ ಒಂದು ರೂಪಾಯಿ ನಾಣ್ಯ ಅಂಟಿಸಿ ಕೊಡುವ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಲಿವರ್‌ಪೂಲಿನವರು ಮಾತ್ರ ಸಿಡುಕಿದರು, ಹುಡುಗನನ್ನು ಕೊಡಲಿಲ್ಲ.

ಸಾತ್ತ್ವಿಕಭಾವಗಳನ್ನು ಲಂಡನ್ನಿಗಿಂತ ಬೆಂಗಳೂರಿನಲ್ಲಿ ಅಧ್ಯಯನ ಮಾಡುವುದು ಸುಲಭ. ಚಾಂಪಿಯನ್ಸ್ ಲೀಗ್ ಪಂದ್ಯ ಆಗ ಚಳಿಗಾಲದಲ್ಲಿ ನಮ್ಮ ಗಡಿಯಾರಕ್ಕೆ ರಾತ್ರಿ 1.15ಕ್ಕೆ ಶುರುವಾಗುತ್ತಿತ್ತು. 2017ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಬಯೆರ್ನ್ ಎದುರು 1–5. ಮೂರು ವಾರ ಬಿಟ್ಟು ಲಂಡನ್ನಿನಲ್ಲಿ ಮತ್ತೆ ಅದೇ 1–5. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಆಫೀಸಿನಲ್ಲಿ ಸ್ತಂಭ, ವೈವರ್ಣ್ಯ, ಸ್ವರಭೇದ ಮೂರೂ ಒಬ್ಬನಲ್ಲೇ ಕಾಣಸಿಗುತ್ತಿದ್ದವು. ಪ್ರಲಯ ಮಧ್ಯಾಹ್ನದ ಮೀಟಿಂಗಿನಲ್ಲಿ.

ಈಗ ಸಾಧಾರಣೀಕರಣ. ಭಾವವು ವ್ಯಕ್ತಿ, ದೇಶ, ಕಾಲಗಳ ಕಟ್ಟು ಕಳಚಿಕೊಂಡು ಎಲ್ಲರದ್ದೂ ಆಗುವುದೆಂದರೇನೆಂದು ಭಟ್ಟನಾಯಕನ ಹೆಸರು ಹೇಳಿ ನಮ್ಮ ಮೇಷ್ಟ್ರುಗಳು ತರಗತಿಯಲ್ಲಿ ಒದ್ದಾಡುತ್ತಾರೆ. ಉದಾಹರಣೆ ಇಷ್ಟು ಸುಲಭ: ‘ವೆಂಗರ್ ಔಟ್’ ಎಂಬ ಬೋರ್ಡು 2017ರಲ್ಲಿ ಅಮೆರಿಕದ ರೆಸಲ್‌ಮೇನಿಯಾ ಕುಸ್ತಿಯಲ್ಲಿ ಕಾಣಿಸಿತು. ಅದೇ ನವೆಂಬರಿನಲ್ಲಿ ಜಿಂಬಾಬ್ವೆಯ ಹರಾರೆ ಬೀದಿಯಲ್ಲಿ, ರಾಬರ್ಟ್ ಮುಗಾಬೆ ಇಳಿಯಲೆಂದು ನಡೆದ ಮೆರವಣಿಗೆಯಲ್ಲೂ ಕಾಣಿಸಿತು. 37 ವರ್ಷ ಆಳಿದ ಮುಗಾಬೆ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ವೆಂಗರ್ ಜಿಪ್ಪು ಹಾಕಿಕೊಳ್ಳುತ್ತಿದ್ದರು.

ಎದುರಾಳಿ ತಂಡಗಳ ಬೆಂಬಲಿಗರು ಮಾತ್ರ ವೆಂಗರ್ ಇರಬೇಕು, ಹೋಗಲೇಬಾರದು ಎಂದು ಒಕ್ಕೊರಲಿನಿಂದ ಹಾಡುತ್ತಿದ್ದರು. ಇದು ಶುದ್ಧ ಹಾಸ್ಯ, ಯಾವ ಬೆರಕೆಯೂ ಇಲ್ಲ. ಫರ್ಗುಸನ್ 2013ರಲ್ಲಿ ಲೀಗ್ ಗೆದ್ದೇ ಇಳಿದರು. ಹಾಗಾಗಿ ಅವರ ಅಭಿಮಾನಿಗಳದ್ದೂ ಒಂದೇ ರಸ, ಕರುಣ. ಅವರ ಭಾವಶಬಲತೆ ಶುರುವಾದದ್ದು ಮುಂದಿನ ಋತುವಿನಲ್ಲಿ. ಅದು ಇನ್ನೊಂದು ಪ್ರಬಂಧಕ್ಕೆ ತಕ್ಕ ವಸ್ತು. ಬರೆಯುವಾಗ ವಿದ್ವತ್ತಿನ ಗಾಂಭೀರ್ಯ ಉಳಿಯದೆಂಬ ಭಯದಿಂದ ಪ್ರಬಂಧಕಾರನು ಕೈಹಾಕಿಲ್ಲ.

ನಿರ್ವಹಣ ಸಂಧಿ 2018ರ ಮೇ 6, ಎಮಿರೇಟ್ಸ್ ಮೈದಾನ, ಬರ್ನ್‌ಲಿ ಎದುರಿನ ಪಂದ್ಯ. ಆ ಋತುವಿನುದ್ದಕ್ಕೂ ಟಿಕೆಟು ಮಾರಾಟವಾಗಿದ್ದರೂ ಖಾಲಿ ಬಿದ್ದ ಕುರ್ಚಿಗಳು ಸಾಕಷ್ಟಿದ್ದವು. ಬಾರದೆ ಇರುವುದೂ ಒಂದು ಅನುಭಾವ. ಅವತ್ತು ಮಾತ್ರ ತುಂಬಿ ತುಳುಕಿತು. ಕುರ್ಚಿ ಕುರ್ಚಿಗೂ ಒಂದೊಂದು ಕೆಂಪು ಟೀಶರ್ಟು, ಮೇಲೆ ಫ್ರೆಂಚಿನಲ್ಲಿ ‘ಮೆರ್ಸಿ ಆರ್ಸೆನ್’. ಎರಡು ವರ್ಷ ಹಿಂದೆ 12ನೆಯ ನಿಮಿಷಕ್ಕೆ ಹಾಳೆ ಎತ್ತಿದವನೊಬ್ಬನನ್ನು ಅಲ್ಲಿ ಕಲ್ಪಿಸಿಕೊಳ್ಳಿ. ಟೀಶರ್ಟನ್ನು ಮೊದಲು ಮಡಿಲಲ್ಲಿ ಇಟ್ಟುಕೊಳ್ಳುತ್ತಾನೆ. ಅಕ್ಕಪಕ್ಕ ನೋಡುತ್ತಾನೆ. ಎರಡೂ ತಂಡಗಳು ಸಾಲಾಗಿ ನಿಂತು ಗೌರವ ಸಲ್ಲಿಸುವಾಗ, ಚಳಿ ಎಂಬ ನೆಪ ಹೂಡಿ ತೊಟ್ಟುಕೊಳ್ಳುತ್ತಾನೆ. ಅದು ಮೇ ತಿಂಗಳ ಬಿಸಿಲ ಮಧ್ಯಾಹ್ನ. ಮನಸ್ಸಿನದನ್ನು ಮುಚ್ಚಿಡುವ ಈ ಸಂಚಾರಿಗೆ ಅವಹಿತ್ಥ ಎಂದು ಹೆಸರು. ಅಳತೆ ಹೆಚ್ಚಾಗಿ ಎಕ್ಸ್‌ಎಲ್.

ಆರ್ಸೆನಲ್ 5–0ಯಿಂದ ಗೆದ್ದಿತು. ಆಟ ಮುಗಿದ ಮೇಲೆ ಮೈಕು ಹಿಡಿದ ವೆಂಗರ್ ಮೊದಲು ಆಡಿದ ಮಾತು ತಮ್ಮ ಬಗ್ಗೆಯಲ್ಲ. ಹಿಂದಿನ ದಿನವಷ್ಟೇ ಮೆದುಳಿನ ಶಸ್ತ್ರಚಿಕಿತ್ಸೆಯಾಗಿದ್ದ ಫರ್ಗುಸನ್ ಬೇಗ ಗುಣವಾಗಲೆಂದು ಹಾರೈಸಿದರು. ಅದೇ ಪಿಜ್ಜಾದ ಫರ್ಗುಸನ್. ಇಲ್ಲಿ ಪ್ರಬಂಧಕಾರನ ಬಳಿ ಅಣಕಿಲ್ಲ. 2004ರಲ್ಲಿ ಸೋಲಿಲ್ಲದೆ ಗೆದ್ದುದಕ್ಕೆ ಮಾಡಿಸಿದ ಚಿನ್ನದ ಬಣ್ಣದ ಟ್ರೋಫಿಯನ್ನು ಅವರ ಕೈಗಿತ್ತರು. ನಿಮ್ಮನ್ನು ನೆನೆಯುತ್ತಿರುತ್ತೇನೆ ಎಂದು ಹೇಳಿ ಅವರು ಮಾತು ಮುಗಿಸಿದರು. ಹೊರಡುವ ಗಳಿಗೆ ನಿಜಕ್ಕೂ ತನ್ನ ತೀರ್ಮಾನವಲ್ಲ ಎಂದು ಅದಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಹೇಳಿದ್ದರು. ಅದನ್ನು ಕೇಳಿಯೂ ಕೇಳದಂತೆ ಇದ್ದವರೆಲ್ಲ ಈಗ ಜೋರಾಗಿ ಮೂಗು ಒರೆಸಿಕೊಂಡರು.

ಮೇ 13ರಂದು ಹಡರ್ಸ್‌ಫೀಲ್ಡ್‌ನಲ್ಲಿ ಕೊನೆಯ ಪಂದ್ಯ, 1235ನೆಯದು. 22ನೆಯ ನಿಮಿಷದಲ್ಲಿ ಇಡೀ ಮೈದಾನ ಎದ್ದು ಚಪ್ಪಾಳೆ ಹೊಡೆಯಿತು. ಮೇಲೆ ಮತ್ತೊಂದು ವಿಮಾನ, ಈ ಸಲ ಧನ್ಯವಾದದ ಬ್ಯಾನರು. ಇಂಗ್ಲೆಂಡಿನ ವಿಮಾನ ಬಾಡಿಗೆಯವರಿಗೆ ವೆಂಗರ್ ಹೋದದ್ದು ನಿಜವಾದ ನಷ್ಟ. ಅವರದು ಮಿಶ್ರಭಾವವಲ್ಲ, ಅಪ್ಪಟ ಶೋಕ.

ವಿಪ್ರಲಂಭ ಅಂದಿನಿಂದ ಶುರು. ಉನೈ ಎಮೆರಿ ಬಂದರು, ಹದಿನೆಂಟು ತಿಂಗಳಲ್ಲಿ ಹೋದರು. ಮಿಕೆಲ್ ಆರ್ಟೆಟಾ ಬಂದರು. 2020ರಲ್ಲಿ ತಂಡ ಎಂಟನೆಯ ಸ್ಥಾನ, 2021ರಲ್ಲಿ ಮತ್ತೆ ಎಂಟು. ವೆಂಗರ್ ಕಾಲದಲ್ಲಿ ಸತತ 20 ಋತು ನಾಲ್ಕರೊಳಗೇ ಇದ್ದ ತಂಡ ಅದು. 2023ರಲ್ಲಿ ಮೈದಾನದ ಹೊರಗೆ ವೆಂಗರ್ ಅವರ ಕಂಚಿನ ಪ್ರತಿಮೆ ನಿಂತಿತು. ಕಂಚಿಗೆ ಕರಾರು ನವೀಕರಣದ ತಕರಾರಿಲ್ಲವಾದ್ದರಿಂದ ಪ್ರೀತಿ ನಿರಾತಂಕ.

ಒಂದು ಸಂಗತಿ ಮಾತ್ರ ಇನ್ನೂ ವರ್ಗೀಕರಣಕ್ಕೆ ಒಗ್ಗಿಲ್ಲ. ಮೊದಲ ನಾಲ್ಕರಲ್ಲಿ ಬರುವುದೂ ಒಂದು ಟ್ರೋಫಿಯೇ ಎಂಬರ್ಥದಲ್ಲಿ 2012ರಲ್ಲಿ ವೆಂಗರ್ ಮಾತಾಡಿದ್ದಾಗ ಅಭಿಮಾನಿಗಳು ವರ್ಷಗಟ್ಟಲೆ ಅದನ್ನು ಆಡಿಕೊಂಡು ನಕ್ಕಿದ್ದರು. 2022ರ ಮೇ ತಿಂಗಳಲ್ಲಿ ಆರ್ಸೆನಲ್ ಎರಡೇ ಅಂಕದಿಂದ ನಾಲ್ಕನೆಯ ಸ್ಥಾನ ಕಳೆದುಕೊಂಡಿತು, ಅದೂ ನೆರೆಮನೆಯ ಟಾಟನ್‌ಹ್ಯಾಮ್‌ಗೆ. ನಕ್ಕವರೇ ಅತ್ತರು, ಆ ನಾಲ್ಕಕ್ಕಾಗಿ. ಈ ಕಣ್ಣೀರನ್ನು ಅಶ್ರುವಿನಲ್ಲಿ ಸೇರಿಸಬೇಕೋ ಸ್ಮೃತಿಯಲ್ಲೋ ವ್ರೀಡೆಯಲ್ಲೋ ಎಂಬ ಬಗ್ಗೆ ಪ್ರಬಂಧಕಾರನಿಗೂ ಅವನ ಮಾರ್ಗದರ್ಶಕರಿಗೂ ಒಮ್ಮತವಾಗಿಲ್ಲ. ಹಾಸ್ಯಕ್ಕೆ ಸೇರಿಸಿ ಮುಗಿಸು ಎನ್ನುತ್ತಾರೆ ಅವರು. ಅವರು ಟಾಟನ್‌ಹ್ಯಾಮ್ ಕಡೆಯವರು.