ಇಲ್ಲದ ಕಾಫಿಗೆ ಚೆಂದದ ಲೋಗೊ

ಬೆಂಗಳೂರಿನ ಯಾವ ಗ್ರಾಫಿಕ್ ಡಿಸೈನರ್‌ನ ಪೋರ್ಟ್‌ಫೋಲಿಯೊ ತೆರೆದರೂ ಮೊದಲ ಪುಟದಲ್ಲೇ ಒಂದು ಫಿಲ್ಟರ್ ಕಾಫಿ ಬ್ರ್ಯಾಂಡ್ ಎದುರಾಗುತ್ತದೆ. ಲೋಗೊ, ಪೊಟ್ಟಣ, ಲೋಟ, ಅಮೃತಶಿಲೆಯ ಮೇಲೆ ಓರೆಯಾಗಿ ಬಿದ್ದುಕೊಂಡ ವಿಸಿಟಿಂಗ್ ಕಾರ್ಡು, ಎಲ್ಲವೂ ಉಂಟು. ಇಲ್ಲದಿರುವುದು ಕಾಫಿ ಮಾತ್ರ. ಅಂಥ ಕಂಪನಿ ಹುಟ್ಟಿಲ್ಲ, ಹುಟ್ಟಿಸುವ ಯೋಚನೆಯೂ ಯಾರಿಗೂ ಬಂದಿಲ್ಲ. ಮುಂದಿನ ಪುಟದಲ್ಲಿ ಯಾರೂ ಕೇಳದ ಮೆಟ್ರೊ ನಕ್ಷೆ. ನೇರಳೆ ಮಾರ್ಗ, ಹಸಿರು ಮಾರ್ಗ ಎರಡೂ ಕಣ್ಣಿಗೆ ತಂಪಾದ ಬೂದು ಬಣ್ಣಕ್ಕೆ ತಿರುಗಿವೆ. ಮೆಜೆಸ್ಟಿಕ್‌ನಲ್ಲಿ ಯಾವ ರೈಲು ಹತ್ತಬೇಕೆಂಬುದು ಪ್ರಯಾಣಿಕನ ಪುಣ್ಯ.

ಹಾಗಾದರೆ ಈತನ ಮನೆ ಬಾಡಿಗೆ ಕಟ್ಟುತ್ತಿರುವ ಕೆಲಸ ಯಾವುದು? ಅದಕ್ಕೆ ಈ ಪುಟಗಳಿಗೆ ಪ್ರವೇಶವಿಲ್ಲ. ಅದು ‘ಜನಪ್ರಿಯ ನಾಯಕರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’ ಎಂಬ ಫ್ಲೆಕ್ಸ್. ನನ್ನನ್ನು ಕೇಳಿದರೆ ಈ ನಾಡಿನಲ್ಲಿ ವಿನ್ಯಾಸಕನಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ. ನಾಯಕರ ಮುಖ ಎಲ್ಲರಿಗಿಂತ ದೊಡ್ಡದಿರಬೇಕು, ಮೇಲಿನ ಮೂಲೆಯ ವರಿಷ್ಠರಿಗೆ ಅದು ಚಿಕ್ಕದಾಗಿಯೂ ಕಾಣಬೇಕು. ಕೆಳಗೆ ಶುಭ ಕೋರುವವರ ಮೂವತ್ತು ತಲೆ. ದುಡ್ಡು ಕೊಟ್ಟವನದು ಕೊಡಿಸಿದವನದಕ್ಕಿಂತ ಕೂದಲೆಳೆಯಷ್ಟು ಮುಂದೆ. ಒಬ್ಬನ ಫೋಟೊ ಮದುವೆ ಆಲ್ಬಮ್‌ನಿಂದ ಬಂದಿದೆ, ಹೆಂಡತಿಯ ಭುಜವನ್ನು ನಾಜೂಕಾಗಿ ಕತ್ತರಿಸಬೇಕು. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಇನ್ನೊಂದು ತಲೆ: “ಗುರು, ನಮ್ ಅಣ್ಣಂದೇ ಬಿಟ್ಟೋಗಿದೆ, ಎಲ್ಲಾದ್ರೂ ತೂರ್ಸು.” ತೂರಿಸುತ್ತಾನೆ! 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬಿಬಿಎಂಪಿ ನಗರದ ಫ್ಲೆಕ್ಸ್‌ಗಳನ್ನು ಕಿತ್ತುಹಾಕಿತು, ನಿಜ. ಅಣ್ಣಂದಿರು ಹುಟ್ಟಿದ ದಿನವನ್ನು ಯಾವ ಕೋರ್ಟು ತಾನೇ ಕೀಳಲಾದೀತು?

ಇಷ್ಟೆಲ್ಲ ಪಳಗಿದವನು ಅದನ್ನು ಬಚ್ಚಿಟ್ಟು ಕಾಲ್ಪನಿಕ ಕಾಫಿ ತೋರಿಸುತ್ತಾನೆ. ಯಾರು ಮೆಚ್ಚಲೆಂದು? ಇನ್ನೊಬ್ಬ ಡಿಸೈನರ್ ಮೆಚ್ಚಲೆಂದು. ಅವನೋ ಮೆಚ್ಚುತ್ತಾನೆ, ಕೆಲಸ ಕೊಡುವುದಿಲ್ಲ. ಅವನೂ ಕೆಲಸ ಹುಡುಕುತ್ತಿದ್ದಾನೆ.

1480ರ ದಶಕದ ಆರಂಭದಲ್ಲಿ ಲಿಯೊನಾರ್ಡೊ ಡಾ ವಿಂಚಿ ಕೆಲಸ ಕೇಳಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗೆಂದು ಸಿದ್ಧಪಡಿಸಿದ ಪತ್ರದ ತುಂಬ ಸೇತುವೆ, ಫಿರಂಗಿ, ಮುತ್ತಿಗೆ ಹಾಕುವ ಉಪಾಯಗಳು. ಚಿತ್ರ ಬರೆಯಲೂ ಬರುತ್ತದೆ ಎಂಬ ಮಾತು ಕೊನೆಗೆ. ಗಿರಾಕಿಗೆ ಬೇಕಾದದ್ದು ಯುದ್ಧವೆಂದು ಆ ಮನುಷ್ಯನಿಗೆ ಗೊತ್ತಿತ್ತು. ನಮ್ಮವರು ರಾಜಾಜಿನಗರದ ಹಾರ್ಡ್‌ವೇರ್ ಅಂಗಡಿಯವರ ಮುಂದೆ ನಡುವೆ ಒಂದೇ ಚುಕ್ಕಿ ಇರುವ ಬಿಳಿ ಪುಟ ತೆರೆಯುತ್ತಾರೆ. ಅವರು ಕನ್ನಡಕ ಏರಿಸಿ ಕೇಳುತ್ತಾರೆ: “ಇಷ್ಟು ಜಾಗ ಖಾಲಿ ಬಿಟ್ಟಿದೀರಲ್ಲ ಸಾರ್, ಅದಕ್ಕೂ ಸೇರ್ಸಿ ಚಾರ್ಜಾ?”

ಹಾಗೆಂದು ಅಂಗಡಿಯವರು ಪಾಪದವರೇನಲ್ಲ. ಪುಟವೆಲ್ಲ ಮಗುಚಿ, “ಸೂಪರ್” ಅಂದು, “ನಮ್ದಕ್ಕೆ ಒಂದು ಸ್ಯಾಂಪಲ್ ಮಾಡಿ ತೋರ್ಸಿ, ಇಷ್ಟ ಆದ್ರೆ ಮುಂದೆ ನೋಡೋಣ” ಅನ್ನುತ್ತಾರೆ. ಹಾಗಾದರೆ ಇಷ್ಟು ಹೊತ್ತು ನೋಡಿದ್ದೇನನ್ನು? ಸ್ಯಾಂಪಲ್ಲು ಸೀದಾ ಅಳಿಯನ ಕೈ ಸೇರುತ್ತದೆ. ಅಳಿಯನಿಗೆ ಕೋರಲ್‌ಡ್ರಾ ಬರುತ್ತದೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಕಳಿಸಿದ ಚಿತ್ರಗಳನ್ನು ನೋಡಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ. ಕಣ್ಣು ಕುರುಡಾಗಿದ್ದೀತು, ಆದರೆ ಅವರು ಪುಕ್ಕಟೆ ಸ್ಯಾಂಪಲ್ ಕೇಳಲಿಲ್ಲ.

ಕೊನೆಯ ಪುಟದಲ್ಲಿ ‘ಥ್ಯಾಂಕ್ ಯೂ’ ಎಂದು ಬರೆದು ಕೈಮುಗಿಯುವ ಗೆಳೆಯರೇ, ಆ ಎರಡು ಪದ ಅಳಿಸಿ ಅಲ್ಲೊಂದು ಒಳ್ಳೆಯ ಫ್ಲೆಕ್ಸ್ ಅಂಟಿಸಿ. ಅದರ ಅಡಿಯಲ್ಲಿ ದಪ್ಪ ಅಕ್ಷರದಲ್ಲಿ 2006ರ ಎಂಎಸ್ಎಂಇ ಕಾಯ್ದೆ ಹೇಳುವುದನ್ನು ಬರೆಯಿರಿ: ನೋಂದಾಯಿತ ಸಣ್ಣ ಉದ್ಯಮದಿಂದ ಕೆಲಸ ಮಾಡಿಸಿಕೊಂಡವರು, ಕರಾರಿನಲ್ಲಿ ಏನೇ ಬರೆದುಕೊಂಡಿರಲಿ, 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳೂ ಬೆಳೆಯುವ ಚಕ್ರಬಡ್ಡಿ.